ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಂಡು ಮೋಸ ಹೋದರೆ: ಕೊಳ್ಳುವ ಮುಂಚೆ ಏನು ಕೇಳಬೇಕು, ಕೊಂಡ ಮೇಲೆ ಎಲ್ಲಿಗೆ ಹೋಗಬೇಕು

"ನೋ ರಿಟರ್ನ್, ನೋ ಎಕ್ಸ್‌ಚೇಂಜ್, ನೋ ರಿಫಂಡ್." ಇನ್‌ಸ್ಟಾಗ್ರಾಂನಲ್ಲಿ ಥ್ರಿಫ್ಟ್ ಅಂತ ಹೆಸರಿಟ್ಟುಕೊಂಡು ಹಳೇ ಬಟ್ಟೆ ಮಾರುವ ಪುಟಗಳಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಇದು. ಕೊಂಡವರೂ ಇದನ್ನೇ ಕಾನೂನು ಅಂತ ನಂಬಿಬಿಡುತ್ತಾರೆ. ಜಾಕೆಟ್ ಬಂತು, ಜಿಪ್ ಕಿತ್ತುಹೋಗಿದೆ, ಕಂಕುಳ ಹತ್ತಿರ ಹಳದಿ ಕಲೆ ಇದೆ. ಆದರೂ "ಹಳೇ ಬಟ್ಟೆ ತಾನೇ, ಕಡಿಮೆಗೆ ಬಂತಲ್ಲ, ಬಿಡು" ಅಂತ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. ಹಳೇ ಬಟ್ಟೆ ಅಂತ ಗೊತ್ತಿದ್ದೇ ಕೊಂಡಿರಿ, ಸರಿ. ಅದು ಹಳೆಯದು ಅನ್ನುವುದಕ್ಕೆ ಮಾತ್ರ ನೀವು ಒಪ್ಪಿದ್ದು. ಮಾರುವವರು ಹೇಳಿದ ಸುಳ್ಳಿಗೂ, ಮುಚ್ಚಿಟ್ಟ ತೂತಿಗೂ ಒಪ್ಪಿರಲಿಲ್ಲ. ಇಷ್ಟು ವ್ಯತ್ಯಾಸ ತಿಳಿದರೆ ಸಾಕು, ಉಳಿದದ್ದೆಲ್ಲ ಕಾಗದ ಪತ್ರ ಜೋಡಿಸುವ ಕೆಲಸ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಕಾನೂನು ಹಳೇ ಬಟ್ಟೆಗೂ ಇದೆಯಾ?

ಇದೆ. ಈಗ ನಡೆಯುತ್ತಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ದುಡ್ಡು ಕೊಟ್ಟು ಸ್ವಂತ ಬಳಕೆಗೆ ಸಾಮಾನು ಕೊಂಡವರೆಲ್ಲ ಅದರ ಪ್ರಕಾರ ಗ್ರಾಹಕರೇ. ಅಂಗಡಿಯಲ್ಲಿ ಕೊಂಡರೂ ಸರಿ, ಫೋನಿನಲ್ಲಿ ಆರ್ಡರ್ ಮಾಡಿದರೂ ಸರಿ. ಸಾಮಾನು ಹೊಸದೇ ಆಗಿರಬೇಕು ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ.

ದೋಷ ಅಂದರೆ ಏನು ಅನ್ನುವುದನ್ನು ಕಾಯ್ದೆ ಎರಡನೇ ಸೆಕ್ಷನ್‌ನಲ್ಲೇ ಹೇಳುತ್ತದೆ. ಕಾನೂನಿನ ಪ್ರಕಾರ ಇರಬೇಕಾದ ಗುಣಮಟ್ಟ ಇಲ್ಲದಿದ್ದರೆ ದೋಷ. ಒಪ್ಪಂದದ ಪ್ರಕಾರ ಇರಬೇಕಾದದ್ದು ಇಲ್ಲದಿದ್ದರೂ ದೋಷ. ವ್ಯಾಪಾರಿ ಯಾವುದೇ ರೀತಿಯಲ್ಲಿ "ಹೀಗಿದೆ" ಅಂತ ಹೇಳಿಕೊಂಡದ್ದು ಇಲ್ಲದಿದ್ದರೂ ದೋಷವೇ. ನಮಗೆ ಬೇಕಾದದ್ದು ಈ ಕೊನೆಯದು. ಪೋಸ್ಟ್ ಕೆಳಗೆ ಬರೆದ ಒಂದು ಸಾಲು, ಚಾಟ್‌ನಲ್ಲಿ ಕೊಟ್ಟ ಒಂದು ಉತ್ತರ, ಲೈವ್ ವಿಡಿಯೋದಲ್ಲಿ ಆಡಿದ ಒಂದು ಮಾತು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. "ಒಂದೇ ಸಲ ಹಾಕಿದ್ದು" ಅಂದು ಕಳಿಸಿದ ಪ್ಯಾಂಟಿನ ತೊಡೆ ಸಂದಿ ಸವೆದು ಜಾಲರಿಯಾಗಿದ್ದರೆ ಅದು ದೋಷ. "ಮೊಣಕಾಲ ಹತ್ತಿರ ಸಣ್ಣ ತೂತಿದೆ, ಫೋಟೋ ನೋಡಿ" ಅಂತ ಹೇಳಿ ಕಳಿಸಿದ್ದರೆ ಆ ತೂತಿನ ಬಗ್ಗೆ ನೀವು ಮಾತಾಡುವಂತಿಲ್ಲ.

ಇನ್ನೊಂದು ಹಳೇ ಕಾಯ್ದೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ: 1930ರ ಸರಕು ಮಾರಾಟ ಕಾಯ್ದೆ. ವಿವರಣೆ ನಂಬಿ ಕೊಂಡ ಸಾಮಾನು ಆ ವಿವರಣೆಗೆ ಹೊಂದಬೇಕು ಅಂತ ಅದರ 15ನೇ ಸೆಕ್ಷನ್ ಹೇಳುತ್ತದೆ. ಆದರೆ 16ನೇ ಸೆಕ್ಷನ್‌ನಲ್ಲಿ ಒಂದು ಕೊಕ್ಕೆ ಇದೆ, ಗಮನಿಸಿ. ನೀವೇ ಕೈಯಲ್ಲಿ ಹಿಡಿದು ನೋಡಿ ಕೊಂಡಿದ್ದರೆ, ಹಾಗೆ ನೋಡಿದಾಗ ಕಾಣಲೇಬೇಕಿದ್ದ ಕುಂದಿನ ಬಗ್ಗೆ ಆಮೇಲೆ ತಕರಾರು ಮಾಡುವುದು ಕಷ್ಟ. ಹಾಗಾಗಿ ಬೆಂಗಳೂರಿನ ಸಂಡೇ ಬಜಾರಿನಲ್ಲಿ ರಾಶಿಯಿಂದ ಎತ್ತಿಕೊಂಡ ಶರ್ಟಿನ ಕಾಲರ್ ಹರಿದಿತ್ತು ಅಂತ ಮನೆಗೆ ಬಂದು ಹೇಳಿದರೆ ಕೇಸು ಬಲವಾಗಿರುವುದಿಲ್ಲ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಕೊಂಡವರ ಕೈ ಇಲ್ಲಿ ಮೇಲೆ. ಮುಟ್ಟಿ ನೋಡಲು ಅವರಿಗೆ ಅವಕಾಶವೇ ಇರಲಿಲ್ಲವಲ್ಲ.

"ವಾಪಸ್ ತೆಗೆದುಕೊಳ್ಳುವುದಿಲ್ಲ" ಅನ್ನುವ ಬೋರ್ಡು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಹೆದರಿ ಹಿಂದೆ ಸರಿಯುವುದು ಇಲ್ಲೇ.

ದೋಷ ಇರುವ ಸಾಮಾನನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ನಿರಾಕರಿಸುವುದನ್ನೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆದಿದೆ. ಬಿಲ್ಲಿನಲ್ಲಿ ಇಷ್ಟು ದಿನದೊಳಗೆ ವಾಪಸ್ ಅಂತ ಬರೆದಿದ್ದರೆ ಅಷ್ಟು ದಿನ. ಏನೂ ಬರೆದಿಲ್ಲದಿದ್ದರೆ 30 ದಿನ. ಬಿಲ್ ಕೊಡದೆ ಇರುವುದೂ ಅದೇ ಪಟ್ಟಿಯಲ್ಲಿದೆ. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ್ದನ್ನು ಗ್ರಾಹಕ ಆಯೋಗಗಳು ಎಷ್ಟೋ ಸಲ ತಪ್ಪು ಅಂತ ಹೇಳಿವೆ. ಅಂಥ ಸಾಲು ಬರೆದ ಮಾತ್ರಕ್ಕೆ ದೋಷದ ಹೊಣೆ ತಪ್ಪುವುದಿಲ್ಲ.

ಆದರೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಈ ಹಕ್ಕು ದೋಷ ಇದ್ದರೆ ಮಾತ್ರ. ಅಳತೆ ಸರಿಯಾಗಿ ಹಾಕಿದ್ದರು, ನೀವೇ ನೋಡಲಿಲ್ಲ, ಈಗ ಬಿಗಿಯಾಗುತ್ತಿದೆ ಅಂದರೆ ಕಾನೂನು ಕೈ ಹಿಡಿಯುವುದಿಲ್ಲ. ಬಣ್ಣ ಇಷ್ಟವಾಗಲಿಲ್ಲ, ಮನೆಯಲ್ಲಿ ಬೈದರು, ಮನಸ್ಸು ಬದಲಾಯಿತು, ಇವಕ್ಕೂ ಇಲ್ಲ. ಅಂಗಡಿಯವರು ಒಪ್ಪಿ ಬದಲಾಯಿಸಿಕೊಟ್ಟರೆ ಅದು ಅವರ ಒಳ್ಳೆಯತನ.

ಆನ್‌ಲೈನ್‌ ಮಾರಾಟಕ್ಕೆ ಇನ್ನೂ ಒಂದು ಪದರ ಇದೆ: 2020ರ ಇ-ಕಾಮರ್ಸ್ ನಿಯಮಗಳು. ಸಾಮಾನು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ಮಾರುವವರು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ, ದುಡ್ಡು ಕೊಡುವುದಿಲ್ಲ ಅಂತಲೂ ಅನ್ನುವಂತಿಲ್ಲ. ಆ್ಯಪ್ ನಡೆಸುವ ಕಂಪನಿ ದೂರು ಕೇಳುವ ಒಬ್ಬ ಅಧಿಕಾರಿಯನ್ನು ಇಟ್ಟಿರಬೇಕು. ಆ ಅಧಿಕಾರಿ ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆ್ಯಪಿನ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಗ್ರೀವೆನ್ಸ್ ಆಫೀಸರ್ ಅಂತ ಇರುತ್ತದೆ, ಹುಡುಕಿ. ಕಸ್ಟಮರ್ ಕೇರ್ ಚಾಟ್‌ನಲ್ಲಿ ಗಂಟೆಗಟ್ಟಲೆ ಕೂರುವುದಕ್ಕಿಂತ ಆ ಇಮೇಲ್‌ಗೆ ಬರೆಯುವುದು ಎಷ್ಟೋ ಮೇಲು.

ಯಾರಿಂದ ಕೊಂಡಿರಿ ಅನ್ನುವುದು ಮುಖ್ಯ

ಹಾಸ್ಟೆಲಿನಲ್ಲಿ ಪಕ್ಕದ ರೂಮಿನ ಹುಡುಗಿ ತನ್ನ ಒಂದು ಲೆಹೆಂಗಾ ಮಾರಿದಳು. ಅವಳು ವ್ಯಾಪಾರಿಯಲ್ಲ. ಸ್ವಂತ ಸಾಮಾನನ್ನು ಆಗೊಮ್ಮೆ ಈಗೊಮ್ಮೆ ಮಾರುವ ವ್ಯಕ್ತಿಗೆ ಇ-ಕಾಮರ್ಸ್ ನಿಯಮ ಅನ್ವಯಿಸುವುದಿಲ್ಲ ಅಂತ ಆ ನಿಯಮದಲ್ಲೇ ಬರೆದಿದೆ. ಅದೇ ಹುಡುಗಿ ಪುಟ ತೆರೆದು, ವಾರವಾರ ಹೊಸ ಡ್ರಾಪ್ (ಮಾರಾಟದ ಹೊಸ ಕಂತು) ಹಾಕಿ, ಮೂಟೆಯಲ್ಲಿ ಬಟ್ಟೆ ತರಿಸಿ ಮಾರಲು ಶುರು ಮಾಡಿದರೆ, ಮನೆಯ ಕೋಣೆಯಿಂದಲೇ ನಡೆಸಿದರೂ ಅದು ವ್ಯಾಪಾರ. "ನಂದು ಸಣ್ಣ ಪುಟ, ಕಂಪನಿ ಅಲ್ಲ" ಅನ್ನುವ ಉತ್ತರ ಆಗ ನಡೆಯುವುದಿಲ್ಲ. ಹಾಗಾಗಿ ಕೊಳ್ಳುವ ಮುಂಚೆ ಪುಟ ಎಷ್ಟು ದಿನದಿಂದ ಇದೆ, ಎಷ್ಟು ಸಾಮಾನು ಮಾರಿದ್ದಾರೆ ಅಂತ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅವರು ವ್ಯಾಪಾರ ಮಾಡುತ್ತಾರೆ ಅನ್ನುವುದಕ್ಕೆ ಅದೇ ಸಾಕ್ಷಿ.

ವ್ಯಾಪಾರಿಯಲ್ಲದವರು ಮೋಸ ಮಾಡಿದರೆ ದಾರಿಯೇ ಇಲ್ಲ ಅಂತಲ್ಲ. ಸುಳ್ಳು ಹೇಳಿ ಒಪ್ಪಿಸಿದ ಒಪ್ಪಂದವನ್ನು ಕೊಂಡವರು ರದ್ದು ಮಾಡಬಹುದು, 1872ರ ಒಪ್ಪಂದ ಕಾಯ್ದೆಯ ಕಾಲದಿಂದಲೂ ಇದು ಇದೆ. ಆದರೆ ಅದಕ್ಕೆ ಸಿವಿಲ್ ಕೋರ್ಟು ಹತ್ತಬೇಕು. ಒಂದು ಕುರ್ತಾಕ್ಕಾಗಿ ಅಷ್ಟು ದೂರ ಹೋಗಿ ಅಂತ ನಾನಂತೂ ಹೇಳುವುದಿಲ್ಲ.

ದುಡ್ಡು ಹಾಕಿಸಿಕೊಂಡು ಸಾಮಾನೇ ಕಳಿಸದೆ ಬ್ಲಾಕ್ ಮಾಡಿದರೆ ಮಾತ್ರ ದಾರಿ ಬೇರೆ. ಅಲ್ಲಿ ಬಟ್ಟೆಯ ದೋಷದ ಮಾತೇ ಇಲ್ಲ, ಅದು ವಂಚನೆ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಿ. ದುಡ್ಡು ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯಲು ಸಾಧ್ಯವಾಗಬಹುದು, ಹಾಗಾಗಿ "ನಾಳೆ ನೋಡೋಣ" ಬೇಡ.

ಇನ್ನೊಂದು ವಿಷಯ ಥ್ರಿಫ್ಟ್ ಪುಟ ನಡೆಸುವವರಿಗೆ. ಮರುಮಾರಾಟಕ್ಕೆ ಅಂತ ಕೊಂಡವರು ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ನೀವು ತರಿಸಿದ ಮೂಟೆಯಲ್ಲಿ ಅರ್ಧ ಬಟ್ಟೆ ಕೊಳೆತಿದ್ದರೂ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ. ಹಾಗಾಗಿ ಮೂಟೆಯವರ ಜೊತೆ ಮಾತುಕತೆ ಎಲ್ಲ ಬರಹದಲ್ಲೇ ಇರಲಿ.

ಹಳೆಯದನ್ನು ಹೊಸದು ಅಂತ ಮಾರಿದರೆ

ಇದು ಥ್ರಿಫ್ಟ್ ಪುಟಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ ಗ್ರಾಹಕರ ಕೈಯಲ್ಲಿ ಇರುವುದರಲ್ಲೇ ಅತಿ ಬಲವಾದ ಕೇಸು ಇದು. ದೊಡ್ಡ ಆ್ಯಪಿನಲ್ಲಿ ಹೊಸ ಕುರ್ತಾಕ್ಕೆ ಪೂರ್ತಿ ದುಡ್ಡು ಕೊಟ್ಟು ತರಿಸಿರುತ್ತೀರಿ. ಬಂದದ್ದರ ಕಾಲರಿನಲ್ಲಿ ಪೌಡರ್ ಗುರುತು, ಬೆವರಿನ ವಾಸನೆ, ಟ್ಯಾಗ್ ಯಾರೋ ಬಿಚ್ಚಿ ಪಿನ್ ಹಾಕಿ ಸಿಕ್ಕಿಸಿದ ಹಾಗಿದೆ. ಯಾರೋ ಮದುವೆಗೆ ಹಾಕಿಕೊಂಡು ಹಿಂತಿರುಗಿಸಿದ್ದನ್ನು ನಿಮಗೆ ಹೊಸದು ಅಂತ ಕಳಿಸಿದ್ದಾರೆ. ಹಳೆಯ, ಬಳಸಿದ, ರಿಪೇರಿ ಮಾಡಿದ ಸಾಮಾನನ್ನು ಹೊಸದು ಅಂತ ಸುಳ್ಳು ಹೇಳುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಕಾಯ್ದೆ ಅಕ್ಷರಶಃ ಬರೆದಿಟ್ಟಿದೆ, 2ನೇ ಸೆಕ್ಷನ್‌ನ 47ನೇ ಉಪವಿಭಾಗದಲ್ಲಿ. ದೂರಿನಲ್ಲಿ ಆ ಸಂಖ್ಯೆ ಬರೆಯಿರಿ.

ಬಟ್ಟೆ ತೊಳೆಯಬೇಡಿ. ಅಸಹ್ಯ ಆಗುತ್ತದೆ ಅಂತ ತಕ್ಷಣ ನೀರಿಗೆ ಹಾಕಿಬಿಟ್ಟರೆ ಸಾಕ್ಷಿಯೂ ಹೋಯಿತು. ಕವರಿನಲ್ಲಿ ಹಾಗೆಯೇ ಕಟ್ಟಿಡಿ, ಹಗಲು ಬೆಳಕಲ್ಲಿ ಹತ್ತಿರದ ಫೋಟೋ ತೆಗೆಯಿರಿ, ಟ್ಯಾಗಿನ ಎರಡೂ ಬದಿ ತೆಗೆಯಿರಿ.

ಬೆಂಗಳೂರಿನವರಿಗೆ ಒಂದು ಮಾತು. ಇಲ್ಲಿ ಗಾರ್ಮೆಂಟ್ ಕಾರ್ಖಾನೆಗಳು ಜಾಸ್ತಿ ಇರುವುದರಿಂದ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅನ್ನುವ ಮಾಲು ಎಲ್ಲ ಕಡೆ ಸಿಗುತ್ತದೆ. ಅದು ಯಾರೂ ಹಾಕಿಕೊಳ್ಳದ ಬಟ್ಟೆ, ಆರ್ಡರಿಗಿಂತ ಹೆಚ್ಚಾಗಿ ಹೊಲಿದದ್ದು ಅಥವಾ ಸಣ್ಣ ಕುಂದಿಗೆ ಪಕ್ಕಕ್ಕಿಟ್ಟದ್ದು. ಅದೇ ರಾಶಿಯಲ್ಲಿ ಬಳಸಿದ ಬಟ್ಟೆಯನ್ನೂ ಬೆರೆಸಿ ಎಲ್ಲವನ್ನೂ ಸರ್‌ಪ್ಲಸ್ ಅಂತ ಮಾರಿದರೆ ಮೇಲಿನದೇ ನಿಯಮ. ಲೇಬಲ್ ಕತ್ತರಿಸಿರುವುದು ಒಂದೇ ಗುರುತು ಅಂದುಕೊಳ್ಳಬೇಡಿ, ಕಂಕುಳು, ಕಾಲರಿನ ಒಳಮೈ, ಪ್ಯಾಂಟಿನ ಕೆಳ ಅಂಚು ನೋಡಿ. ಹಾಕಿ ಒಗೆದ ಬಟ್ಟೆ ಅಲ್ಲಿ ಸವೆದಿರುತ್ತದೆ.

ಬ್ರ್ಯಾಂಡು, ಬೆಲೆ, ಆತುರ

"ಮೂಲ ಬೆಲೆ 4,999, ನಮ್ಮಲ್ಲಿ 799" ಅಂತ ಗೆರೆ ಹೊಡೆದು ತೋರಿಸುತ್ತಾರೆ. ಆ ಸಾಮಾನು ಎಂದೂ 4,999ಕ್ಕೆ ಮಾರಾಟವಾಗಿರದಿದ್ದರೆ, ಬೆಲೆ ಬಗ್ಗೆ ಜನರನ್ನು ದಾರಿ ತಪ್ಪಿಸಿದ ಹಾಗೆ, ಅದೂ ಅನುಚಿತ ಪದ್ಧತಿಯೇ. "ಇನ್ನೂ ಹತ್ತು ಜನ ಕಾಯ್ತಿದ್ದಾರೆ, ಐದು ನಿಮಿಷದಲ್ಲಿ ಪೇ ಮಾಡಿ" ಅಂತ ಸುಳ್ಳು ಆತುರ ಹುಟ್ಟಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಕೊಳ್ಳುವವರನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿ ನಿಷೇಧಿಸಿದೆ. ಅದರಲ್ಲಿ ಪಟ್ಟಿ ಮಾಡಿರುವ 13 ತಂತ್ರಗಳಲ್ಲಿ ಮೊದಲನೆಯದೇ ಇದು. ಥ್ರಿಫ್ಟ್‌ನಲ್ಲಿ ನಿಜವಾಗಿ ಒಂದೇ ಪೀಸ್ ಇರುತ್ತದೆ, ಅದನ್ನು ಹಾಗೆ ಹೇಳುವುದು ತಪ್ಪಲ್ಲ. ಕಾಯುವವರು ಇಲ್ಲದಿದ್ದರೂ ಇದ್ದಾರೆ ಅನ್ನುವುದು ತಪ್ಪು.

ನಕಲಿ ಬ್ರ್ಯಾಂಡಿನ ವಿಷಯದಲ್ಲಿ ನನ್ನ ಸಲಹೆ ಒಂದೇ. ದುಡ್ಡು ಕೊಡುವ ಮುಂಚೆ "ಇದು ಒರಿಜಿನಲ್ಲಾ?" ಅಂತ ಬರಹದಲ್ಲಿ ಕೇಳಿ, ಉತ್ತರವೂ ಬರಹದಲ್ಲಿ ಬರಲಿ. ಒರಿಜಿನಲ್ ಅಂತ ಹೇಳಿ ಡೂಪ್ಲಿಕೇಟ್ ಕಳಿಸಿದರೆ ಪೂರ್ತಿ ದುಡ್ಡು ಕೇಳುವ ಹಕ್ಕು ನಿಮ್ಮದು. ಫಸ್ಟ್ ಕಾಪಿ, ಅಂದರೆ ನಕಲಿ, ಅಂತ ಹೇಳಿಯೇ ಕೊಟ್ಟಿದ್ದರೆ ಆಮೇಲೆ ಮೋಸ ಆಯಿತು ಅನ್ನುವಂತಿಲ್ಲ. ಮಾರಿದವರಿಗೆ ಮಾತ್ರ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಆಗಬಹುದು.

"ಕೊರಿಯಾದಿಂದ ಬಂದ ಮಾಲು" ಅನ್ನುವ ಮಾತು ಈಗ ಜಾಸ್ತಿ ಕೇಳಿಸುತ್ತಿದೆ. ಹೊರದೇಶದಲ್ಲಿ ಹಾಕಿ ಬಿಟ್ಟ ಬಟ್ಟೆಯನ್ನು ನಮ್ಮ ದೇಶಕ್ಕೆ ತರುವುದು ಆಮದು ನೀತಿಯಲ್ಲಿ ನಿರ್ಬಂಧಿತ, ಪರವಾನಗಿ ಬೇಕು. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ವಿಂಗಡಿಸಿ ಮತ್ತೆ ಹೊರಗೆ ಕಳಿಸುವ ಘಟಕಗಳಿವೆ, ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆ ಚಿಂದಿ ಮಾಡಿ ನೂಲು ತೆಗೆದು ಕಂಬಳಿ ನೇಯುತ್ತಾರೆ. ಅಲ್ಲಿಂದ ಸೋರಿ ಬಂದ ಬಟ್ಟೆ ಪೇಟೆಗೆ ಬರುವುದೂ ಉಂಟು. ಕೊಂಡವರಾಗಿ ನೀವೇನೂ ತಪ್ಪು ಮಾಡಿದ ಹಾಗಲ್ಲ. ಆದರೆ "ಇಂಪೋರ್ಟೆಡ್" ಅನ್ನುವ ಒಂದೇ ಮಾತಿಗೆ ಜಾಸ್ತಿ ದುಡ್ಡು ಕೊಡುವ ಮುಂಚೆ ಎಲ್ಲಿಂದ ಬಂತು, ಬಿಲ್ ಇದೆಯಾ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಹಳೇ ರೇಷ್ಮೆ ಸೀರೆ

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಬಟ್ಟೆಯಲ್ಲಿ ಜಾಸ್ತಿ ದುಡ್ಡು ಕೈ ಬದಲಾಗುವುದು ರೇಷ್ಮೆ ಸೀರೆಯಲ್ಲಿ. ಹಾಗಾಗಿ ಇದಕ್ಕೆ ಬೇರೆಯಾಗಿಯೇ ಹೇಳುತ್ತೇನೆ.

ಮೈಸೂರು ಸಿಲ್ಕ್ ಅಂತ ಮಾರಿದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯದ್ದಾ ಅಂತ ಕೇಳಿ. ಕೆಎಸ್‌ಐಸಿ ಸೀರೆಗಳಲ್ಲಿ ಗುರುತಿನ ಸಂಖ್ಯೆ ಕಸೂತಿ ಮಾಡಿರುತ್ತಾರೆ, ಹೊಲೊಗ್ರಾಂ ಇರುತ್ತದೆ. ತುಂಬ ಹಳೇ ಸೀರೆಯಲ್ಲಿ ಇವೆಲ್ಲ ಸಿಗದಿರಬಹುದು, ಆಗ ಮಾರುವವರ ಬಳಿ ಹಳೇ ಬಿಲ್ ಇದೆಯಾ ನೋಡಿ. ಬೇರೆ ರೇಷ್ಮೆ ಸೀರೆಗಳಿಗೆ ಸಿಲ್ಕ್ ಮಾರ್ಕ್ ಲೇಬಲ್ ಇರಬಹುದು. ಅದು ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ ಹುಟ್ಟುಹಾಕಿದ ಸಂಸ್ಥೆಯ ಗುರುತು, 2004ರಿಂದ ಇದೆ. ಲೇಬಲ್ ಇಲ್ಲದಿದ್ದರೆ ಸೆರಗಿನ ಕುಚ್ಚಿನಿಂದ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ನೂಲಿಗೆ ಈ ಪರೀಕ್ಷೆ ನಂಬುವಂತಿಲ್ಲ.

ಸೀರೆ ಪೂರ್ತಿ ಬಿಚ್ಚಿಸಿ ಬೆಳಕಿಗೆ ಹಿಡಿಸಿ. ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಆನ್‌ಲೈನ್ ಆದರೆ ಮಡಿಕೆ ಬಿಚ್ಚಿ ವಿಡಿಯೋ ಕಳಿಸಿ ಅನ್ನಿ. "ಅಪ್ಪಟ ಜರಿ" ಅಂತ ಹೇಳಿದರೆ ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆಮೇಲೆ ವಿವಾದವಾದರೆ ಆಯೋಗವೇ ಸ್ಯಾಂಪಲ್ ಮುದ್ರೆ ಹಾಕಿ ಲ್ಯಾಬಿಗೆ ಕಳಿಸಬಹುದು. ಲ್ಯಾಬ್ ವರದಿ ಕೊಡಲು 45 ದಿನದ ಗಡುವಿದೆ. ಪರೀಕ್ಷೆಯ ಖರ್ಚನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ, ಇದು ಮನಸ್ಸಿನಲ್ಲಿರಲಿ.

ಮನೆಯಲ್ಲಿರುವ ಅಜ್ಜಿಯ ಸೀರೆಯನ್ನು "ಹಳೇ ಜರಿ ಸೀರೆ ಕೊಳ್ಳುತ್ತೇವೆ" ಅಂತ ಬರುವವರಿಗೆ ಕೊಡುವವರು ಒಂದು ಗಮನಿಸಿ: ಅಲ್ಲಿ ನೀವು ಮಾರುವವರು, ಗ್ರಾಹಕರಲ್ಲ. ತೂಕದಲ್ಲಿ ಮೋಸವಾಯಿತು ಅಂತ ಗ್ರಾಹಕ ಆಯೋಗಕ್ಕೆ ಹೋಗಲು ಬರುವುದಿಲ್ಲ. ಎರಡು ಮೂರು ಕಡೆ ವಿಚಾರಿಸಿ, ಕಣ್ಣೆದುರೇ ತೂಕ ಹಾಕಿಸಿ ಕೊಡಿ.

ದುಡ್ಡು ಕೊಡುವ ಮುಂಚೆ ಕೇಳಬೇಕಾದದ್ದು

ಫೋನ್ ಮಾಡಿ ಕೇಳಬೇಡಿ, ಬರೆದು ಕೇಳಿ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ನಾನು ಹೇಳಿಕೊಡುವ ಸಂದೇಶ ಇಷ್ಟೇ, ಹಾಗೇ ನಕಲು ಮಾಡಿಕೊಳ್ಳಿ:

"ನಮಸ್ಕಾರ. ಈ ಬಟ್ಟೆ ಹೊಸದಾ, ಬಳಸಿದ್ದಾ? ಕಲೆ, ತೂತು, ಹರಿದದ್ದು, ಹೊಲಿದು ಮುಚ್ಚಿದ್ದು, ಬಣ್ಣ ಮಾಸಿದ್ದು, ಜಿಪ್ ಅಥವಾ ಎಲಾಸ್ಟಿಕ್ ಕೆಟ್ಟಿದ್ದು ಏನಾದರೂ ಇದೆಯಾ? ಎದೆ, ಸೊಂಟ, ಉದ್ದ ಎಷ್ಟು ಇಂಚು? ಬ್ರ್ಯಾಂಡ್ ಒರಿಜಿನಲ್ಲಾ? ಹೇಳದ ಕುಂದು ಇದ್ದರೆ ದುಡ್ಡು ವಾಪಸ್ ಕೊಡುತ್ತೀರಾ? ಬಿಲ್ ಕಳಿಸುತ್ತೀರಾ?"

ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. "ಡಿಎಂನಲ್ಲಿ ಇಷ್ಟೆಲ್ಲ ಕೇಳ್ಬೇಡಿ, ಬೇಕಾದ್ರೆ ತಗೊಳ್ಳಿ" ಅಂದರೆ ಅವರಿಂದ ಕೊಳ್ಳುವುದೇ ಬೇಡ, ಬಟ್ಟೆ ಎಷ್ಟೇ ಚೆನ್ನಾಗಿರಲಿ.

ಪೋಸ್ಟು, ಬೆಲೆ, ವಿವರಣೆ, ಚಾಟ್, ಯುಪಿಐ ರಸೀದಿ, ಪಾರ್ಸೆಲ್ ಮೇಲಿನ ವಿಳಾಸ, ಎಲ್ಲದರ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ಜಗಳ ಶುರುವಾದ ಮೇಲೆ ಪೋಸ್ಟ್ ಅಳಿಸಿಬಿಡುತ್ತಾರೆ. ಯುಪಿಐನಲ್ಲಿ ಕಾಣುವ ಹೆಸರು ತುಂಬ ಮುಖ್ಯ, ಪುಟದ ಹಿಂದೆ ಇರುವ ಮನುಷ್ಯ ಯಾರು ಅಂತ ಎಷ್ಟೋ ಸಲ ಅದರಿಂದ ಮಾತ್ರ ತಿಳಿಯುತ್ತದೆ.

ಪಾರ್ಸೆಲ್ ಬಿಚ್ಚುವ ವಿಡಿಯೋ ಕಡ್ಡಾಯ, ನಡುವೆ ಕಟ್ ಆಗಿರಬಾರದು ಅಂತ ಬಹಳ ಪುಟಗಳು ಹೇಳುತ್ತವೆ. ವಿಡಿಯೋ ಇಲ್ಲದಿದ್ದರೆ ಹಕ್ಕೇ ಇಲ್ಲ ಅಂತ ಯಾವ ಕಾನೂನೂ ಹೇಳಿಲ್ಲ. ಆದರೂ ಮಾಡಿ. ಮುಚ್ಚಿದ ಪಾರ್ಸೆಲ್‌ನ ವಿಳಾಸದಿಂದ ಶುರು ಮಾಡಿ, ಬಿಚ್ಚಿ, ಬಟ್ಟೆಯ ಎರಡೂ ಮಗ್ಗುಲು ತೋರಿಸಿ. ಇಷ್ಟು ಸುಲಭದ ಸಾಕ್ಷಿ ಬೇರೆ ಇಲ್ಲ.

ಮೋಸ ಆದ ಮೇಲೆ

ಮೊದಲು ಮಾರಿದವರಿಗೇ ಬರೆಯಿರಿ. ಕೋಪದಲ್ಲಿ ಬೇಡ. ಕಾಮೆಂಟಿನಲ್ಲಿ ಬೈದು ಜಗಳ ಮಾಡಿದರೆ ಅವರ ಕೈಗೂ ಒಂದು ಸ್ಕ್ರೀನ್‌ಶಾಟ್ ಕೊಟ್ಟ ಹಾಗಾಗುತ್ತದೆ. ಯಾವ ದಿನ ಏನು ಕೊಂಡಿರಿ, ಎಷ್ಟು ಕೊಟ್ಟಿರಿ, ಅವರು ಏನು ಹೇಳಿದ್ದರು, ಬಂದದ್ದು ಹೇಗಿದೆ, ಏನು ಬೇಕು, ಎಷ್ಟು ದಿನದೊಳಗೆ, ಇಷ್ಟಿದ್ದರೆ ಸಾಕು. ಹೀಗೆ:

"ಕಳೆದ ಸೋಮವಾರ ನಿಮ್ಮಿಂದ ಕಂದು ಜಾಕೆಟ್ ಕೊಂಡು 1,200 ರೂಪಾಯಿ ಯುಪಿಐನಲ್ಲಿ ಕೊಟ್ಟಿದ್ದೇನೆ. ಯಾವ ಕುಂದೂ ಇಲ್ಲ ಎಂದು ಬರೆದಿದ್ದಿರಿ. ಬಂದ ಜಾಕೆಟ್‌ನ ಜಿಪ್ ಕೆಟ್ಟಿದೆ, ಒಳಮೈ ಹರಿದಿದೆ, ಫೋಟೋ ಮತ್ತು ವಿಡಿಯೋ ಜೊತೆಗಿವೆ. ಇದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೋಷವುಳ್ಳ ಸರಕು. ಏಳು ದಿನದೊಳಗೆ ಜಾಕೆಟ್ ವಾಪಸ್ ತೆಗೆದುಕೊಂಡು, ಕೊರಿಯರ್ ಖರ್ಚು ಸೇರಿಸಿ ಹಣ ಹಿಂತಿರುಗಿಸಿ. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ."

ದುಡ್ಡಿನ ಬದಲು ಸ್ಟೋರ್ ಕ್ರೆಡಿಟ್ ಕೊಡುತ್ತೇವೆ ಅಂದರೆ ಒಪ್ಪಲೇಬೇಕು ಅಂತೇನಿಲ್ಲ. ಒಪ್ಪಿದರೆ ಮಾತ್ರ ಆಮೇಲೆ ದುಡ್ಡು ಕೇಳುವುದು ಕಷ್ಟ.

ಅವರು ಉತ್ತರ ಕೊಡದಿದ್ದರೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರುತ್ತದೆ. ಇವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ಮುಟ್ಟಿಸಿ ಉತ್ತರ ಕೇಳುತ್ತಾರೆ. ದೊಡ್ಡ ಆ್ಯಪ್‌ಗಳ ವಿಷಯದಲ್ಲಿ ಇದೊಂದೇ ಸಾಕಾಗುವುದುಂಟು. ಸಣ್ಣ ಪುಟದ ವಿಷಯದಲ್ಲಿ ಜಾಸ್ತಿ ನಿರೀಕ್ಷೆ ಬೇಡ, ಆದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದೇ ಪುಟ ಎಷ್ಟೋ ಜನಕ್ಕೆ ಇದೇ ರೀತಿ ಮಾಡುತ್ತಿದೆ ಅಂತ ಗೊತ್ತಾದರೆ ಜಿಲ್ಲಾಧಿಕಾರಿಗೆ ಅಥವಾ ದೆಹಲಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆಯಬಹುದು. ಪ್ರಾಧಿಕಾರ ಇಡೀ ವ್ಯಾಪಾರದ ಮೇಲೆ ಕ್ರಮ ಕೈಗೊಳ್ಳಬಲ್ಲದು, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಜನ ಇದನ್ನು ಕೋರ್ಟು ಅಂತ ಹೆದರುತ್ತಾರೆ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ವಾದಿಸಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಮಾರಿದವರು ದೆಹಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನೀವು ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಹಾವೇರಿಯವರು ಹಾವೇರಿಯಲ್ಲೇ ಹಾಕಿ. 1986ರ ಹಳೇ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು.

ದೂರನ್ನು ಕನ್ನಡದಲ್ಲೇ ಬರೆಯಿರಿ. ನಿಮ್ಮ ಹೆಸರು, ವಿಳಾಸ. ಎದುರು ಪಕ್ಷದವರ ಹೆಸರು, ವಿಳಾಸ, ಆ್ಯಪ್ ಮೂಲಕ ಕೊಂಡಿದ್ದರೆ ಆ್ಯಪ್ ಕಂಪನಿಯನ್ನೂ ಸೇರಿಸಿ. ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಬರೆಯಿರಿ. ಕೇಳುವ ಪರಿಹಾರ: ಕೊಟ್ಟ ಹಣ, ಕೊರಿಯರ್ ಖರ್ಚು, ಆದ ತೊಂದರೆಗೆ ಪರಿಹಾರ, ದೂರಿನ ಖರ್ಚು. ಸಾವಿರ ರೂಪಾಯಿ ಬಟ್ಟೆಗೆ ಐದು ಲಕ್ಷ ಪರಿಹಾರ ಕೇಳಬೇಡಿ, ನಿಮ್ಮ ಮಾತಿನ ತೂಕವೇ ಕಡಿಮೆಯಾಗುತ್ತದೆ. ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಮತ್ತು ಸ್ಕ್ರೀನ್‌ಶಾಟ್‌ಗಳ ಪ್ರತಿ ಇಡಿ. ಸ್ಕ್ರೀನ್‌ಶಾಟ್‌ಗೆ 2023ರ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರದ ದೃಢೀಕರಣ ಪತ್ರವನ್ನು ಆಯೋಗ ಕೇಳಬಹುದು, ಮೊದಲೇ ಸಿದ್ಧ ಮಾಡಿಟ್ಟುಕೊಂಡರೆ ಓಡಾಟ ತಪ್ಪುತ್ತದೆ.

ಮನೆಯಿಂದಲೇ ಹಾಕುವುದಾದರೆ ಇ-ಜಾಗೃತಿ ಪೋರ್ಟಲ್ ಇದೆ, 2025ರ ಜನವರಿ 1ರಿಂದ ಶುರುವಾಗಿದೆ. ಅದಕ್ಕೆ ಮುಂಚೆ ಇದ್ದದ್ದು ಇ-ದಾಖಿಲ್. ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸಿ ಅಂತ ಅರ್ಜಿ ಕೊಡಲೂ ಅವಕಾಶ ಇದೆ. ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ. ಆದರೆ ನೋಟಿಸ್ ಕೈಗೆ ಬಿದ್ದ ಮೇಲೆ "ಮೇಡಂ, ದುಡ್ಡು ಹಾಕ್ತೀವಿ, ಕೇಸ್ ವಾಪಸ್ ತಗೊಳ್ಳಿ" ಅಂತ ಫೋನ್ ಬರುವುದೂ ಇದೆ. ಆಗ ಮೊದಲು ದುಡ್ಡು ಖಾತೆಗೆ ಬರಲಿ, ಆಮೇಲೆ ದೂರು ಹಿಂದಕ್ಕೆ ಪಡೆಯಿರಿ.

ಪುಟ ನಡೆಸುವವರಿಗೆ

ಮನೆಯಲ್ಲಿದ್ದುಕೊಂಡೇ ಈ ವ್ಯಾಪಾರದಿಂದ ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳು ಬಹಳ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ನಿಮಗೆ ಹೇಳುವುದು: ಕುಂದನ್ನು ಮುಚ್ಚಿಡಬೇಡಿ, ಅದರದೇ ಹತ್ತಿರದ ಫೋಟೋ ಹಾಕಿ. ಅಳತೆಯನ್ನು ಇಂಚಿನಲ್ಲಿ ಬರೆಯಿರಿ, ಮೀಡಿಯಂ, ಲಾರ್ಜ್ ಅಂದರೆ ಒಂದೊಂದು ಬ್ರ್ಯಾಂಡಿಗೆ ಒಂದೊಂದು. ಒಗೆದು ಬಿಸಿಲಿಗೆ ಒಣಗಿಸಿ ಕಳಿಸಿ. ಸಣ್ಣದಾದರೂ ಸರಿ, ಹೆಸರು, ವಿಳಾಸ, ದಿನಾಂಕ ಇರುವ ಬಿಲ್ ಕೊಡಿ. "ನೋ ರಿಟರ್ನ್" ಅನ್ನುವುದನ್ನು ತೆಗೆದು ಅದರ ಜಾಗದಲ್ಲಿ "ಫೋಟೋದಲ್ಲಿ ತೋರಿಸಿದ ಕುಂದಿಗೆ ಮತ್ತು ಅಳತೆ ಆಗಲಿಲ್ಲ ಅನ್ನುವುದಕ್ಕೆ ವಾಪಸ್ ಇಲ್ಲ. ತೋರಿಸದ ಕುಂದು ಇದ್ದರೆ ಪಾರ್ಸೆಲ್ ಬಂದ ಮೂರು ದಿನದಲ್ಲಿ ತಿಳಿಸಿ, ಹಣ ಹಿಂತಿರುಗಿಸುತ್ತೇವೆ" ಅಂತ ಬರೆಯಿರಿ. ಕಾನೂನಿಗೂ ಹತ್ತಿರ, ಕೊಳ್ಳುವವರಿಗೂ ಧೈರ್ಯ.

ಆಯೋಗದಿಂದ ನೋಟಿಸ್ ಬಂದರೆ ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ. ನೀವು ಬಾರದಿದ್ದರೆ ಎದುರಿನವರ ಮಾತು ಮಾತ್ರ ಕೇಳಿ ಆದೇಶ ಕೊಡುತ್ತಾರೆ. ಆದೇಶ ಒಪ್ಪಿಗೆಯಿಲ್ಲದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಮೇಲ್ಮನವಿಯೂ ಇಲ್ಲ, ದುಡ್ಡೂ ಕೊಡಲಿಲ್ಲ ಅಂದರೆ ಕೊಂಡವರು ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕುತ್ತಾರೆ. ಆದೇಶ ಪಾಲಿಸದಿದ್ದಕ್ಕೆ 72ನೇ ಸೆಕ್ಷನ್‌ನಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.